ಸರೋವರದ ಸುತ್ತ ಕಾಲ್ದಾರಿಗಳು

ಪರ್ವತಾರೋಹಣವೆಂದೊಡನೆ ಹಿಮಾಚ್ಛಾದಿತ ಶಿಖರಗಳೂ ಹಗ್ಗ ಹಿಡಿದು ಕಡಿದಾದ ಬಂಡೆಯನ್ನೇರುವ ಸಾಹಸಿಗಳೂ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ಸಹಜ. ಆದರೆ ಬೆಟ್ಟದ ಸಹವಾಸವನ್ನು ಬಯಸುವವರೆಲ್ಲರೂ ಸಾಹಸಿಗಳೇ ಆಗಿರಬೇಕೆಂದಿಲ್ಲ. ಗಟ್ಟಿಯಾದ ಪಾದರಕ್ಷೆಯೂ ನೋಡುವ ಕಣ್ಣೂ ಇದ್ದರೆ ಆಬಾಲವೃದ್ಧರೆಲ್ಲರೂ ನಡೆಯಬಹುದಾದ ಸುಗಮವಾದ ಕಾಲ್ದಾರಿಗಳು ನಮ್ಮ ನಾಡಿನ ಬೆಟ್ಟಗಳಲ್ಲಿ ಎಷ್ಟೋ ಇವೆ. ಅಂತಹ ದಾರಿಗಳಿಗೆ ಹೆಸರಾದ ಸ್ಥಳಗಳಲ್ಲಿ ತಮಿಳುನಾಡಿನ ಕೊಡೈಕೆನಾಲ್ ಒಂದು. ಅಲ್ಲಿಯ ದಾರಿಗಳೆಲ್ಲವೂ ಒಂದು ಸರೋವರದ ದಡದಿಂದ ಕವಲೊಡೆಯುತ್ತವೆ. ಅವುಗಳಲ್ಲಿ ನಡೆದವನು ಸರೋವರದ ಚೆಲುವನ್ನು ಸವಿಯುವುದರೊಡನೆ ಅದರ ಬದುಕಿನ ಗುಟ್ಟನ್ನೂ ಅರಿತು ಬರುತ್ತಾನೆ.

ಪಶ್ಚಿಮ ಘಟ್ಟಗಳಿಂದ ಪೂರ್ವಾಭಿಮುಖವಾಗಿ ಚಾಚಿಕೊಂಡಿರುವ ಪಳನಿ ಬೆಟ್ಟಗಳ ಮೇಲೆ, ದಿಂಡಿಗಲ್ ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ 2,000 ಮೀಟರಿಗೂ ಹೆಚ್ಚು ಎತ್ತರದಲ್ಲಿ ಈ ಗಿರಿಧಾಮವಿದೆ. ಪಳಿಯರ್ ಎಂಬ ಬುಡಕಟ್ಟಿನ ಜನರು ಬಹುಕಾಲದಿಂದ ಈ ಬೆಟ್ಟಗಳ ನಿವಾಸಿಗಳು. 1845ರಲ್ಲಿ ಅಮೆರಿಕದ ಧರ್ಮಪ್ರಚಾರಕರು ಬಯಲುನಾಡಿನ ಬೇಗೆಯಿಂದಲೂ ಜ್ವರಗಳಿಂದಲೂ ಪಾರಾಗಲು ಇಲ್ಲಿ ಮನೆಗಳನ್ನು ಕಟ್ಟಿಕೊಂಡರು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಮೋಟಾರು ರಸ್ತೆಯಾಗುವವರೆಗೆ ಜನರು ಕಾಲ್ನಡಿಗೆಯಿಂದಲೋ ಕುದುರೆಯ ಮೇಲೋ ಡೋಲಿಯಲ್ಲೋ ಬೆಟ್ಟವನ್ನೇರಬೇಕಾಗಿದ್ದಿತು.

ಊರಿನ ನಡುವಣ ಸರೋವರವು ಪ್ರಕೃತಿ ನಿರ್ಮಿತವೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಅದು ಮನುಷ್ಯ ಕಟ್ಟಿದ ಕೆರೆ. 1863ರಲ್ಲಿ ಮಧುರೆಯ ಕಲೆಕ್ಟರನಾಗಿದ್ದ ಸರ್ ವಿಯರ್ ಹೆನ್ರಿ ಲೆವಿಂಜ್ ಎಂಬಾತನು ಇಲ್ಲಿಯ ತೊರೆಗಳಿಗೆ ಅಡ್ಡಲಾಗಿ ಏರಿಯನ್ನು ಕಟ್ಟಿಸಿದನು. ತಡೆದು ನಿಂತ ನೀರು ಸುತ್ತಲಿನ ಕಣಿವೆಗಳೊಳಕ್ಕೆ ಬೆರಳುಗಳಂತೆ ಹರಡಿಕೊಂಡಿತು. ಆದುದರಿಂದಲೇ ಸರೋವರಕ್ಕೆ ನಕ್ಷತ್ರದ ಆಕಾರ ಬಂದಿದೆ. ಅದರ ವಿಸ್ತೀರ್ಣ ಸುಮಾರು 60 ಎಕರೆ. ಇಷ್ಟೇ ವಿಸ್ತೀರ್ಣದ ಕೆರೆಯು ದುಂಡಾಗಿದ್ದಿದ್ದರೆ ಅದರ ಸುತ್ತಳತೆ ಎರಡು ಕಿಲೋಮೀಟರಿಗಿಂತ ಕಡಿಮೆಯಾಗುತ್ತಿತ್ತು. ಆದರೆ ಈ ಸರೋವರವನ್ನು ಸುತ್ತಿ ಬರುವ ದಾರಿಯ ಉದ್ದ ಸುಮಾರು ಐದು ಕಿಲೋಮೀಟರು! ಗಣಿತದಲ್ಲಿ ನೀವು ಕಲಿಯುವ ಪರಿಧಿಯ ಲೆಕ್ಕವು ಇಲ್ಲಿ ಕಾಲಿಗೇ ಅನುಭವವಾಗುತ್ತದೆ.

ಮೊದಲ ಬಾರಿಗೆ ಬಂದವರು ಈ ದಾರಿಯಿಂದಲೇ ಆರಂಭಿಸುವುದು ಒಳ್ಳೆಯದು. ಏರಿಳಿತ ಬಹಳ ಕಡಿಮೆ. ನಿಧಾನವಾಗಿ ನಡೆದರೂ ಒಂದೂವರೆ ಗಂಟೆಯಲ್ಲಿ ಸುತ್ತು ಮುಗಿಯುತ್ತದೆ. ದಾರಿಯು ನಕ್ಷತ್ರದ ಒಂದೊಂದು ತೋಳನ್ನೂ ಅನುಸರಿಸಿ ಒಳಹೊಕ್ಕು ಹೊರಬರುವುದರಿಂದ, ಈಗ ಕಂಡ ನೀರು ಮರುಗಳಿಗೆಯಲ್ಲಿ ಮರೆಯಾಗುತ್ತದೆ. ತಿರುವು ಕಳೆದೊಡನೆ ಹೊಸ ಕೆರೆಯೇ ಎದುರಾದಂತೆ ಭಾಸವಾಗುತ್ತದೆ. ಮುಂಜಾನೆ ನೀರಿನ ಮೇಲೆ ಮಂಜು ಹಾಸಿಕೊಂಡಿರುತ್ತದೆ. ಪೂರ್ವದ ದಡದ ಬಳಿ, 1908ರಲ್ಲಿ ಬ್ರಯಂಟ್ ಎಂಬ ಅರಣ್ಯಾಧಿಕಾರಿಯು ಯೋಜಿಸಿದ ಸಸ್ಯೋದ್ಯಾನವಿದೆ.

ಈ ನೀರು ಎಲ್ಲಿಂದ ಬರುತ್ತದೆ? ಉತ್ತರ ಬೇಕಾದವರು ದಡವನ್ನು ಬಿಟ್ಟು ಸುಮಾರು ಎರಡು ಕಿಲೋಮೀಟರು ದೂರದ ಕರಡಿ ಶೋಲಾ ಜಲಪಾತದ ಕಡೆಗೆ ನಡೆಯಬೇಕು. ಹಿಂದೆ ಕರಡಿಗಳು ಇಲ್ಲಿ ನೀರು ಕುಡಿಯಲು ಬರುತ್ತಿದ್ದುವೆಂದೂ ಅದರಿಂದ ಈ ಹೆಸರು ಬಂದಿತೆಂದೂ ಹೇಳುತ್ತಾರೆ. ಶೋಲಾ ಎಂದರೆ ಎತ್ತರದ ಬೆಟ್ಟಗಳ ಕಣಿವೆಗಳಲ್ಲಿ ಒತ್ತಾಗಿ ಬೆಳೆಯುವ ನಿತ್ಯಹಸುರಿನ ಕಾಡು. ಗಾಳಿಯ ಹೊಡೆತಕ್ಕೆ ಸಿಕ್ಕಿದ ಇಲ್ಲಿಯ ಮರಗಳು ಕುಳ್ಳಾಗಿಯೂ ಡೊಂಕಾಗಿಯೂ ಇರುತ್ತವೆ. ಅವುಗಳ ಮೈತುಂಬ ಪಾಚಿ, ಜರೀಗಿಡ, ಸೀತಾಳೆ. ಕಣಿವೆಯ ಮೇಲಿನ ದಿಣ್ಣೆಗಳಲ್ಲಿ ಮರಗಳಿರುವುದಿಲ್ಲ, ಅಲ್ಲಿ ಹುಲ್ಲುಗಾವಲು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತವು ಸುರಿಸುವ ಮಳೆಯನ್ನು ಹುಲ್ಲಿನ ಬೇರುಗಳೂ ಕಾಡಿನ ತರಗೆಲೆಯ ಹಾಸೂ ಸ್ಪಂಜಿನಂತೆ ಹೀರಿಕೊಳ್ಳುತ್ತವೆ. ಹಾಗೆ ಹೀರಿದ ನೀರು ಮಳೆ ನಿಂತ ಮೇಲೆಯೂ ತಿಂಗಳುಗಟ್ಟಲೆ ಹನಿಹನಿಯಾಗಿ ಒಸರಿ ತೊರೆಯಾಗುತ್ತದೆ. ಪಳನಿ ಬೆಟ್ಟಗಳ ಕೆರೆ ತೊರೆಗಳಿಗೆಲ್ಲ ಈ ಕಾಡು ಹುಲ್ಲುಗಳೇ ಆಧಾರ.

ಸರೋವರದಿಂದ ಒಂದು ಕಿಲೋಮೀಟರಿನಷ್ಟು ದೂರದಲ್ಲಿ ಮತ್ತೊಂದು ಸುಲಭವಾದ ದಾರಿಯಿದೆ. 1872ರಲ್ಲಿ ಲೆಫ್ಟಿನೆಂಟ್ ಕೋಕರ್ ಎಂಬಾತನು ಬೆಟ್ಟದ ಅಂಚಿನುದ್ದಕ್ಕೂ ನಿರ್ಮಿಸಿದ ಇದನ್ನು ಇಂದಿಗೂ ಕೋಕರ್ಸ್ ವಾಕ್ ಎಂದು ಕರೆಯುತ್ತಾರೆ. ಇದರ ಉದ್ದ ಸುಮಾರು ಒಂದು ಕಿಲೋಮೀಟರು. ಒಂದು ಪಕ್ಕದಲ್ಲಿ ಬೆಟ್ಟ, ಮತ್ತೊಂದು ಪಕ್ಕದಲ್ಲಿ ಆಳವಾದ ಕಣಿವೆ, ಅದರಾಚೆ ಬಿಸಿಲಿನಲ್ಲಿ ಮಲಗಿರುವ ಬಯಲುನಾಡು. ಸೂರ್ಯನು ಬೆನ್ನ ಹಿಂದೆ ಕೆಳಮಟ್ಟದಲ್ಲಿದ್ದು ಎದುರಿಗೆ ಮಂಜಿನ ತೆರೆಯಿದ್ದರೆ, ಅಪರೂಪಕ್ಕೊಮ್ಮೆ, ನಡೆಯುವವನ ನೆರಳು ಆ ತೆರೆಯ ಮೇಲೆ ಬೃಹದಾಕಾರವಾಗಿ ಬಿದ್ದು ಅದರ ತಲೆಯ ಸುತ್ತ ಬಣ್ಣದ ಬಳೆ ಮೂಡುತ್ತದೆ. ಜರ್ಮನಿಯ ಬ್ರಾಕನ್ ಪರ್ವತದ ಹೆಸರಿನಿಂದ ಪ್ರಸಿದ್ಧವಾದ ಈ ದೃಶ್ಯವು ಮಾಯೆಯಲ್ಲ. ಬೆಳಕೂ ಮಂಜಿನ ಹನಿಗಳೂ ಸೇರಿ ಆಡುವ ಆಟ.

ಸ್ವಲ್ಪ ಏರುದಾರಿಯನ್ನು ಬಯಸುವವರು ಸೌರ ವೀಕ್ಷಣಾಲಯದ ಗುಡ್ಡಕ್ಕೆ ಹೋಗಬಹುದು. 1899ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯಲ್ಲಿ 1909ರಲ್ಲಿ ಜಾನ್ ಎವರ್‌ಷೆಡ್ ಎಂಬ ವಿಜ್ಞಾನಿಯು, ಸೂರ್ಯನ ಕಲೆಗಳಲ್ಲಿ ಅನಿಲವು ಹೊರಮುಖವಾಗಿ ಹರಿಯುತ್ತದೆಂಬುದನ್ನು ಕಂಡುಹಿಡಿದನು. ಇಂದು ಈ ವೀಕ್ಷಣಾಲಯವು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ ಸೇರಿದೆ. ವಟ್ಟಕೆನಾಲ್‌ನಿಂದ ಡಾಲ್ಫಿನ್ ನೋಸ್ ಎಂಬ ಚಾಚುಬಂಡೆಗೆ ಇಳಿಯುವ ದಾರಿಯು ಮಾತ್ರ ಸುಲಭವಾದವುಗಳ ಪಟ್ಟಿಗೆ ಸೇರದು. ಬೇರುಗಳೂ ಕಲ್ಲುಗಳೂ ತುಂಬಿದ ಆ ಇಳಿಜಾರು ಮಳೆಯಲ್ಲಿ ಜಾರುತ್ತದೆ. ಬಂಡೆಯ ಕೆಳಗೆ ಭಯಂಕರವಾದ ಪ್ರಪಾತವಿದೆ. ಅದರ ಅಂಚಿಗೆ ಹೋಗುವುದು ಧೈರ್ಯವಲ್ಲ, ಅವಿವೇಕ.

ಸರೋವರ ತುಂಬಿ ಹೊರಬಿದ್ದ ನೀರು ಏನಾಗುತ್ತದೆಂಬುದನ್ನು ಘಟ್ಟದ ರಸ್ತೆಯಲ್ಲಿ ಕಾಣಬಹುದು. ಊರಿನಿಂದ ಸುಮಾರು ಎಂಟು ಕಿಲೋಮೀಟರು ಕೆಳಗೆ ಅದು 180 ಅಡಿಗಳ ಎತ್ತರದಿಂದ ಬೆಳ್ಳಿಯ ಧಾರೆಯಾಗಿ ಧುಮುಕುತ್ತದೆ. ಮೇಲಿನ ಹುಲ್ಲು, ನಡುವಣ ಕಾಡು, ಕೆಳಗಿನ ಕೆರೆ, ಅದರಿಂದಾಚೆಗಿನ ಜಲಪಾತ ಇವೆಲ್ಲವೂ ಒಂದೇ ಸರಪಳಿಯ ಕೊಂಡಿಗಳೆಂಬುದು ಆಗ ಸ್ಪಷ್ಟವಾಗುತ್ತದೆ.

ಸರಪಳಿಯ ಒಂದು ಕೊಂಡಿಗೆ ಪೆಟ್ಟುಬಿದ್ದರೆ ಅದು ಉಳಿದವುಗಳಿಗೂ ತಟ್ಟುತ್ತದೆ. ಹಿಂದೆ ಸೌದೆ ಮತ್ತು ಕೈಗಾರಿಕೆಗಳ ಅಗತ್ಯಕ್ಕಾಗಿ ಇಲ್ಲಿಯ ಹುಲ್ಲುಗಾವಲುಗಳಲ್ಲಿ ನೀಲಗಿರಿ, ವಾಟಲ್, ಪೈನ್ ಮರಗಳನ್ನು ನೆಟ್ಟರು. ಪರದೇಶದ ಈ ಮರಗಳು ಹಬ್ಬಿದಂತೆಲ್ಲ ಹುಲ್ಲುಗಾವಲಿನ ಬಹುಭಾಗ ಮಾಯವಾಯಿತು. ಹನ್ನೆರಡು ವರ್ಷಗಳಿಗೊಮ್ಮೆ ಬೆಟ್ಟವನ್ನು ನೀಲಿಯಾಗಿಸುವ ಕುರಿಂಜಿಗೂ ನೆಲೆ ಕುಗ್ಗಿತು. ಇಲ್ಲಿಯ ಒಂದು ಥರ್ಮಾಮೀಟರ್ ಕಾರ್ಖಾನೆಯು ಪಾದರಸ ಬೆರೆತ ತ್ಯಾಜ್ಯದ ಕಾರಣದಿಂದ 2001ರಲ್ಲಿ ಮುಚ್ಚಿತು. ಅನಂತರ ನಡೆದ ವೈಜ್ಞಾನಿಕ ಪರೀಕ್ಷೆಗಳಲ್ಲಿ ಸರೋವರದ ನೀರು, ಕೆಸರು ಮತ್ತು ಮೀನುಗಳಲ್ಲಿಯೂ ಪಾದರಸದ ಅಂಶ ಕಂಡುಬಂದಿತು. ಪ್ರವಾಸಿಗರ ವಾಹನಗಳು ಮಿತಿಮೀರಿದುದರಿಂದ, 2024ರ ಮೇ ತಿಂಗಳಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ, ಬೆಟ್ಟವೇರುವ ವಾಹನಗಳಿಗೆ ಮುಂಗಡವಾಗಿ ರಹದಾರಿ ಪಡೆಯುವ ನಿಯಮ ಜಾರಿಗೆ ಬಂದಿತು.

ಹೀಗಿರುವಾಗ ಕಾಲ್ನಡಿಗೆಯ ಪ್ರವಾಸಿಯು ಬೆಟ್ಟಕ್ಕೆ ಅತ್ಯಂತ ಕಡಿಮೆ ಹೊರೆಯಾಗುವ ಅತಿಥಿ. ಆದರೆ ಅತಿಥಿಗೂ ಕೆಲವು ಕರ್ತವ್ಯಗಳುಂಟು. ಮುಂಜಾನೆ ಹೊರಟು ಕತ್ತಲಾಗುವುದರೊಳಗೆ ಹಿಂದಿರುಗಬೇಕು. ಮಂಜು ಕವಿದರೆ ದಾರಿ ತಪ್ಪುವುದು ಸುಲಭವಾದುದರಿಂದ ಒಬ್ಬಂಟಿಯಾಗಿ ಹೋಗಬಾರದು. ಊರಿನ ಅಂಚಿನಲ್ಲಿಯೂ ಕಾಟಿಗಳು ಮೇಯುತ್ತಿರುತ್ತವೆ. ಅವು ಕಂಡರೆ ಸದ್ದುಮಾಡದೆ ದೂರ ಸರಿಯಬೇಕು. ಒಯ್ದ ವಸ್ತುಗಳಲ್ಲಿ ಒಂದು ಕಾಗದದ ಚೂರನ್ನೂ ಅಲ್ಲಿ ಬಿಡಬಾರದು. ದಿಣ್ಣೆಯ ಮೇಲೆ ಎಸೆದ ಕಸ ಮುಂದಿನ ಮಳೆಯಲ್ಲಿ ಕೆರೆಯನ್ನು ಸೇರುತ್ತದೆ.

ನಮ್ಮ ಕುದುರೆಮುಖ, ಬಾಬಾಬುಡನ್‌ಗಿರಿ, ಬ್ರಹ್ಮಗಿರಿಗಳಲ್ಲಿಯೂ ಇಂತಹದೇ ಶೋಲಾ ಕಾಡುಗಳೂ ಹುಲ್ಲುಗಾವಲುಗಳೂ ಇವೆ. ನಮ್ಮ ಹಲವು ನದಿಗಳಿಗೆ ಅವು ತವರು. ಕೊಡೈಕೆನಾಲಿಗೆ ಹೋಗುವ ಅವಕಾಶ ಎಲ್ಲರಿಗೂ ದೊರೆಯಲಾರದು. ಆದರೆ ನಿಮ್ಮ ಊರಿನ ಕೆರೆಯನ್ನೊಮ್ಮೆ ಸುತ್ತಿ, ಅದಕ್ಕೆ ನೀರು ತರುವ ಕಾಲುವೆಯ ಜಾಡು ಹಿಡಿದು ಮೇಲಕ್ಕೆ ನಡೆಯುವುದು ನಿಮ್ಮಲ್ಲಿ ಯಾರಿಗೂ ಕಷ್ಟವಲ್ಲ. ಹಾಗೆ ನಡೆದು ನೋಡಿದವನಿಗೆ, ಕೆರೆಯ ರಕ್ಷಣೆ ಅದರ ದಡದಿಂದ ಬಹುದೂರದಲ್ಲಿ ಆರಂಭವಾಗುತ್ತದೆಂಬುದನ್ನು ಬೇರೊಬ್ಬರು ಹೇಳಿಕೊಡಬೇಕಾಗುವುದಿಲ್ಲ.