ಸಿಡ್ನಿ ಬಂದರಿನ ಮೀನು ಯಾಕೆ ತಿನ್ನಬಾರದು?
ಹೊಸ ವರ್ಷಕ್ಕೆ ಟಿವಿಯಲ್ಲಿ ಪಟಾಕಿ ತೋರಿಸ್ತಾರಲ್ಲ, ಆ ಸಿಡ್ನಿ ಹಾರ್ಬರ್ ಬ್ರಿಡ್ಜ್. ಅದರ ಪಶ್ಚಿಮಕ್ಕೆ ಗಾಳ ಹಾಕಬಹುದು, ಸಿಕ್ಕಿದ ಮೀನನ್ನ ಮಾತ್ರ ತಿನ್ನಬೇಡಿ ಅನ್ನುತ್ತೆ ಅಲ್ಲಿನ ಸರ್ಕಾರ.

ಕಾರಣ ಡಯಾಕ್ಸಿನ್. ಇದನ್ನ ಯಾರೂ ಬೇಕಂತ ತಯಾರಿಸಲ್ಲ. ಕ್ಲೋರಿನ್ ಇರೋ ಕೆಲವು ಕಳೆನಾಶಕ ಮಾಡುವಾಗ ತಾನಾಗಿ ಹುಟ್ಟೋ ಕಸ. ಸೇತುವೆಯ ಪಶ್ಚಿಮಕ್ಕಿರೋ ಹೋಮ್‌ಬುಷ್ ಕೊಲ್ಲಿಯ ದಡದ ಕಾರ್ಖಾನೆಯೊಂದು, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಸಿಂಪಡಿಸಿದ ಏಜೆಂಟ್ ಆರೆಂಜ್‌ನಲ್ಲಿದ್ದ ಕಳೆನಾಶಕವನ್ನೂ ಮಾಡ್ತಿತ್ತು. ಮಾಲೀಕರು ಯೂನಿಯನ್ ಕಾರ್ಬೈಡ್. ಹೌದು, ಭೋಪಾಲ ಅನಿಲ ದುರಂತದ್ದೇ. ತ್ಯಾಜ್ಯವನ್ನೇ ತುಂಬಿ ಕೊಲ್ಲಿಯಲ್ಲಿ ಜಾಗ ಮಾಡ್ಕೊಂಡಿದ್ರು!

ಡಯಾಕ್ಸಿನ್ ನೀರಲ್ಲಿ ಕರಗೋದು ಅತ್ಯಲ್ಪ. ಕೆಸರಿನ ಕಣಕ್ಕೆ ಅಂಟಿ ಕೂತುಬಿಡುತ್ತೆ. ಕೆಸರು ತಿನ್ನೋ ಹುಳ, ಹುಳ ತಿನ್ನೋ ಸೀಗಡಿ, ಆಮೇಲೆ ಮೀನು... ಕೊಬ್ಬಿನಿಂದ ಕೊಬ್ಬಿಗೆ ದಾಟುತ್ತೆ. ನಮ್ಮ ಮೈ ಸೇರಿದ್ರೆ ಅರ್ಧಕ್ಕೆ ಇಳಿಯೋಕೇ 7ರಿಂದ 11 ವರ್ಷ.

ಕಾರ್ಖಾನೆ ಮುಚ್ಚಿತು, ಪಕ್ಕದಲ್ಲೇ 2000ದ ಒಲಿಂಪಿಕ್ಸ್ ಕೂಡ ನಡೀತು. ಬಂದರಿನಲ್ಲಿ ವಾಣಿಜ್ಯ ಮೀನುಗಾರಿಕೆ ನಿಂತಿದ್ದು ಮಾತ್ರ 2006ರಲ್ಲಿ. ಆಮೇಲೆ ಕೊಲ್ಲಿಯ ಒಂದಷ್ಟು ಕೆಸರು ಬಗೆದು ತೆಗೆದ್ರು.

ಚೆನ್ನಾಗಿ ಬೇಯಿಸಿದ್ರೆ ಹೋಗಲ್ವಾ? ಇಲ್ಲ. ಮೀನು ಸಾರು ಕುದಿಯೋದು 100 ಡಿಗ್ರಿ ಆಸುಪಾಸಿನಲ್ಲಿ. ಡಯಾಕ್ಸಿನ್ ಸುಟ್ಟು ನಾಶವಾಗೋಕೆ 850 ಡಿಗ್ರಿ ದಾಟಬೇಕು.