ಆಲೆಮನೆಯ ತನಿಖೆಯೂ ಗ್ರಾಮದ ಯಜಮಾನರ ಹೊಣೆಯೂ

ಕಾವೇರಿ, ಹೇಮಾವತಿ ನಾಲೆಗಳ ನೀರನ್ನು ಕಂಡ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಬೆಲ್ಲದ ಕಸುಬು ಬಹುಕಾಲದಿಂದ ನಡೆದುಬಂದಿರುತ್ತದೆ. ಬೆಲ್ಲವು ಹೊಂಬಣ್ಣವಾಗಿದ್ದರೆ ಮಂಡಿಯಲ್ಲಿ ಹೆಚ್ಚು ಬೆಲೆ ದೊರೆಯುವುದೆಂದು ಕೆಲವರು ಕೊಪ್ಪರಿಗೆಗೆ ಹೈಡ್ರೋಸ್ ಎಂಬ ಪುಡಿಯನ್ನು ಹಾಕುವುದುಂಟು. ಆ ಬಣ್ಣವು ಸ್ಥಿರವಾದುದಲ್ಲ. ದಾಸ್ತಾನಿನಲ್ಲಿ ಬೆಲ್ಲವು ಮತ್ತೆ ಕಪ್ಪಾಗುವುದು. ಇದಲ್ಲದೆ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡು ಉಳಿಯುವುದು. ಉಬ್ಬಸವುಳ್ಳವರಿಗೆ ಇದು ವಿಶೇಷವಾಗಿ ಹಾನಿಕರ. ಒಂದು ಕಿಲೋಗ್ರಾಂ ಬೆಲ್ಲದಲ್ಲಿ ಅದು 70 ಮಿಲಿಗ್ರಾಮನ್ನು ಮೀರಕೂಡದೆಂದು ನಿಯಮವಿರುತ್ತದೆ.

2006ನೆಯ ಇಸವಿಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಕಬ್ಬು ಬೆಳೆದ ರೈತನಿಗಾಗಲಿ ಅವನ ಬೆಳೆಗಾಗಲಿ ಅನ್ವಯಿಸುವುದಿಲ್ಲ. ಆದರೆ ಕಬ್ಬಿನ ಹಾಲನ್ನು ಕಾಯಿಸಿ ಬೆಲ್ಲ ಮಾಡಿ ಮಾರುವ ಆಲೆಮನೆಯು ಆಹಾರದ ಉದ್ಯಮವೆನಿಸುವುದು. ಅದಕ್ಕೆ ನೋಂದಣಿಯಾಗಲಿ ಪರವಾನಗಿಯಾಗಲಿ ಇರತಕ್ಕದ್ದು. ಆಹಾರ ಸುರಕ್ಷತಾ ಅಧಿಕಾರಿಯು ಅದನ್ನು ತನಿಖೆ ಮಾಡಬಹುದು.

ಈ ತನಿಖೆಗೆ ಕ್ರಮವುಂಟು. ಅಧಿಕಾರಿಯು ಮಾದರಿ ತೆಗೆಯುವಾಗ ಲಿಖಿತ ತಿಳಿವಳಿಕೆ ಕೊಟ್ಟು, ಒಬ್ಬಿಬ್ಬರನ್ನು ಸಾಕ್ಷಿಗೆ ಕರೆದು ರುಜು ಪಡೆದು, ತೆಗೆದ ಬೆಲ್ಲಕ್ಕೆ ವಾಡಿಕೆಯ ಬೆಲೆಯನ್ನು ತೆರತಕ್ಕದ್ದು. ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕುವರು. ಒಂದು ಭಾಗವು ಆಹಾರ ವಿಶ್ಲೇಷಕರಿಗೂ, ಎರಡು ಭಾಗಗಳು ನಿಯುಕ್ತ ಅಧಿಕಾರಿಗೂ ಹೋಗುವುವು. ನಾಲ್ಕನೆಯದನ್ನು, ಮಾಲೀಕನು ಕೋರಿದಲ್ಲಿ, ಮಾನ್ಯತೆ ಪಡೆದ ಮತ್ತೊಂದು ಪ್ರಯೋಗಶಾಲೆಗೆ ಕಳುಹಿಸುವರು. ವಿಶ್ಲೇಷಕರ ವರದಿಯು 14 ದಿನಗಳೊಳಗೆ ಬರತಕ್ಕದ್ದು. ಅದಕ್ಕೆ ಒಪ್ಪದವರು 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಶುಚಿತ್ವದ ನ್ಯೂನತೆ ಕಂಡಲ್ಲಿ ಸರಿಪಡಿಸಲು ಕನಿಷ್ಠ 14 ದಿನಗಳ ಅವಕಾಶವುಳ್ಳ ನೋಟೀಸು ಬರುವುದು. ಅದನ್ನೂ ಅಲಕ್ಷಿಸಿದರೆ ಪರವಾನಗಿಯು ಅಮಾನತಾಗಬಹುದು.

ಈ ಕ್ರಮವನ್ನರಿಯದೆ ಅಧಿಕಾರಿಯನ್ನು ಕಂಡೊಡನೆ ಆಲೆಮನೆಗೆ ಬೀಗ ಹಾಕುವವರು ತಮ್ಮ ಹಕ್ಕನ್ನು ತಾವೇ ಕಳೆದುಕೊಳ್ಳುತ್ತಾರೆ. ಆದಕಾರಣ ಗ್ರಾಮದ ಯಜಮಾನರು ತನಿಖೆಯ ಕಾಲದಲ್ಲಿ ಹಿಂಜರಿಯದೆ ಸಾಕ್ಷಿಯಾಗಿ ನಿಲ್ಲುವುದು ಉಚಿತ. ಮೊಹರು ಸರಿಯಾಗಿ ಬಿದ್ದಿತೆಂಬುದನ್ನು ಅವರು ಕಣ್ಣಾರೆ ನೋಡಿದರೆ ಅಧಿಕಾರಿಗೂ ಮಾಲೀಕನಿಗೂ ನ್ಯಾಯವಾಗುವುದು. ಭೂಮಾಲೀಕರು ಆಲೆಮನೆಯನ್ನು ಗುತ್ತಿಗೆಗೆ ಕೊಡುವಾಗ ಹೈಡ್ರೋಸನ್ನು ಬಳಸಕೂಡದೆಂಬ ಷರತ್ತನ್ನು ಕರಾರುಪತ್ರದಲ್ಲಿಯೇ ಬರೆಯಿಸುವುದು ಮೇಲು. ಬೆಂಡೆಗಿಡದ ಲೋಳೆಯಿಂದ ಮಡ್ಡಿ ತೆಗೆದ ಬೆಲ್ಲವು ಬಣ್ಣದಲ್ಲಿ ತುಸು ಕಂದಾದರೂ ಯಾವ ಪರೀಕ್ಷೆಗೂ ಅಂಜಬೇಕಾಗಿಲ್ಲ. ಒಂದು ಆಲೆಮನೆಯ ಕಲಬೆರಕೆಯಿಂದ ಇಡೀ ಸೀಮೆಯ ಬೆಲ್ಲಕ್ಕೆ ಕೆಟ್ಟ ಹೆಸರು ಬರುವುದೆಂಬುದನ್ನು ಎಲ್ಲರೂ ನೆನಪಿನಲ್ಲಿಡತಕ್ಕದ್ದು.