ಬೋರ್ಡೋ ದ್ರಾವಣವೂ ಮುಕ್ತ ತಂತ್ರಾಂಶವೂ

ಸೆಪ್ಟೆಂಬರ್ 2025ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಭಾಭವನದಲ್ಲಿ ಜರುಗಿದ ‘ಇಂಡಿಯಾ ಫಾಸ್’ ಎಂಬ ಮುಕ್ತ ತಂತ್ರಾಂಶ ಸಮ್ಮೇಳನಕ್ಕೆ ಸಂಘದ ಪರವಾಗಿ ನಾವು ಹೋಗಿ ಬಂದೆವಷ್ಟೆ. ಕಾಫಿ, ಅಡಿಕೆ ಬೆಳೆಯುವವರಿಗೆ ಅಲ್ಲೇನು ಕೆಲಸವೆಂದು ಕೆಲವು ಸದಸ್ಯರು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಪ್ರಯಾಣದ ಖರ್ಚು ಸಂಘದ್ದಾದ್ದರಿಂದ ಉತ್ತರ ಹೇಳುವುದು ನಮ್ಮ ಕರ್ತವ್ಯವೂ ಹೌದು.

ಗಣಕಯಂತ್ರಕ್ಕೆ ಏನು ಮಾಡಬೇಕೆಂದು ಹೇಳುವ ಬರಹವೇ ತಂತ್ರಾಂಶ. ಮಾರಾಟಕ್ಕೆ ಬರುವ ಅನೇಕ ತಂತ್ರಾಂಶಗಳಲ್ಲಿ ಈ ಮೂಲ ಬರಹವನ್ನು ಕೊಂಡವರಿಗೆ ತೋರಿಸುವುದಿಲ್ಲ. ಮುಕ್ತ ತಂತ್ರಾಂಶದಲ್ಲಿ ಅದು ಎಲ್ಲರಿಗೂ ತೆರೆದಿರುತ್ತದೆ. ಇದರ ಮರ್ಮ ತಿಳಿಯಲು ನಮ್ಮವರು ದೂರ ಹೋಗಬೇಕಾಗಿಲ್ಲ, ಬೋರ್ಡೋ ದ್ರಾವಣವನ್ನು ನೆನೆದರೆ ಸಾಕು. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿ ತೋಟಗಳ ರೋಗಕ್ಕೆ ಇದು ಮದ್ದೆಂದು ಮಿಲ್ಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಪ್ರಕಟಿಸಿದನು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಅದನ್ನೇ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್: ಈ ಪಾಕ ಯಾರೊಬ್ಬರ ಸ್ವತ್ತೂ ಅಲ್ಲ. ಯಾವ ತೋಟಕ್ಕಾದರೂ ಹೊಡೆಯಬಹುದು. ಚಾಕು ಅದ್ದಿ ನೋಡಿ, ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕೆಂದು ನಾವೇ ಪರೀಕ್ಷಿಸಬಹುದು. ನೆರೆಯವರಿಗೆ ಕಲಿಸಬಹುದು. ಮಳೆಗೆ ತೊಳೆದು ಹೋಗದಂತೆ ಅಂಟು ಸೇರಿಸಿ, ಸುಧಾರಿಸಿದ ಪಾಕವನ್ನು ಮತ್ತೊಬ್ಬರಿಗೆ ಹೇಳಬಹುದು. ಬಳಸುವುದು, ಪರಿಶೀಲಿಸುವುದು, ಹಂಚುವುದು, ತಿದ್ದಿ ಹಂಚುವುದು. ಮುಕ್ತ ತಂತ್ರಾಂಶದವರು ಹೇಳುವ ನಾಲ್ಕು ಸ್ವಾತಂತ್ರ್ಯಗಳೂ ಇವೇ. ಹಾಗೆಂದ ಮಾತ್ರಕ್ಕೆ ಇದು ಪುಕ್ಕಟೆಯ ಮಾತಲ್ಲ. ಪಾಕ ಎಲ್ಲರದಾದರೂ ಮೈಲುತುತ್ತಕ್ಕೆ ಹಣ ಕೊಡಬೇಕು, ಮರ ಹತ್ತುವವರ ಕೂಲಿ ಕೊಡಬೇಕು.

ಈ ಚಳವಳಿಯನ್ನು 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಆರಂಭಿಸಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ‘ಲಿನಕ್ಸ್’ ಬರೆದು ಹಂಚಿದರು. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಲಿನಕ್ಸ್ ಹೆಸರು ಕೇಳಿರಲಾರರು. ಆದರೆ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಅಂತರಾಳದಲ್ಲಿ ಅದೇ ಇದೆ.

ಇಂಥ ತಂತ್ರಾಂಶವನ್ನು ಬರೆಯುವವರು ಬೇರೆಬೇರೆ ದೇಶಗಳಲ್ಲಿ ಕುಳಿತವರು, ಅನೇಕರು ಸಂಬಳವಿಲ್ಲದೆ ದುಡಿಯುವವರು. ಒಬ್ಬರ ಮುಖ ಒಬ್ಬರು ನೋಡುವುದು ಸಮ್ಮೇಳನದಲ್ಲಿ ಮಾತ್ರ. ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ 2001ರಿಂದ ನಡೆದುಬಂದಿರುವ ‘ಫಾಸ್ಡೆಮ್’ ಸಮ್ಮೇಳನಕ್ಕೆ ಪ್ರವೇಶ ಶುಲ್ಕವೂ ಇಲ್ಲ, ಹೆಸರು ನೋಂದಣಿಯೂ ಇಲ್ಲ. ಬೆಂಗಳೂರೇನೂ ಹಿಂದೆ ಬಿದ್ದಿಲ್ಲ. 2001ರಲ್ಲಿಯೇ ‘ಲಿನಕ್ಸ್ ಬೆಂಗಳೂರು’ ಆರಂಭವಾಗಿ, 2005ರಲ್ಲಿ ‘ಫಾಸ್ ಡಾಟ್ ಇನ್’ ಎಂದು ಹೆಸರು ಬದಲಿಸಿ, 2012ರವರೆಗೆ ನಡೆಯಿತು. ಈಗಿನದನ್ನು ನಡೆಸುವವರು ‘ಫಾಸ್ ಯುನೈಟೆಡ್’ ಸಂಸ್ಥೆಯವರು.

ಹಲವು ಕೊಠಡಿಗಳಲ್ಲಿ ಏಕಕಾಲಕ್ಕೆ ಉಪನ್ಯಾಸಗಳು ನಡೆಯುತ್ತವೆ. ಅರ್ಧಕ್ಕರ್ಧ ನಮಗೆ ಅರ್ಥವಾಗಲಿಲ್ಲವೆಂದು ಹೇಳಲು ಸಂಕೋಚವಿಲ್ಲ. ಮಾತೆಲ್ಲ ಇಂಗ್ಲಿಷಿನದೇ, ಅದೂ ತಂತ್ರಜ್ಞರ ಇಂಗ್ಲಿಷು. ಹೆಚ್ಚು ಪ್ರಯೋಜನವಾದದ್ದು ಹೊರಗಿನ ಮೊಗಸಾಲೆಯಲ್ಲಿ. ಅಲ್ಲಿ ಒಂದೊಂದು ಮೇಜಿಗೆ ಒಂದೊಂದು ತಂತ್ರಾಂಶದವರು ನಿಂತಿರುತ್ತಾರೆ. ನಮ್ಮ ತೂಕದ ಚೀಟಿಯ ಕಷ್ಟ ಹೇಳಿಕೊಂಡರೆ, ಮಗನ ವಯಸ್ಸಿನ ಹುಡುಗರು ‘ಬನ್ನಿ ಸರ್’ ಎಂದು ಕೂರಿಸಿಕೊಂಡು, ಏನನ್ನೂ ಮಾರಲು ಹವಣಿಸದೆ ಅರ್ಧ ಗಂಟೆ ವಿವರಿಸುತ್ತಾರೆ. ಗೊಬ್ಬರ, ಔಷಧಿ ಕಂಪನಿಗಳ ಪ್ರದರ್ಶನಗಳನ್ನು ನೋಡಿ ಬಲ್ಲ ನಮಗೆ ಇದು ಹೊಸ ಅನುಭವ.

ಅಲ್ಲಿ ಸೇರುವವರನ್ನು ಕಾಡುವ ದೊಡ್ಡ ಚಿಂತೆಯೆಂದರೆ, ಎಲ್ಲರೂ ಬಳಸುವುದನ್ನು ನೋಡಿಕೊಳ್ಳುವವರು ಯಾರು ಎಂಬುದು. 2024ರ ಮಾರ್ಚ್ ತಿಂಗಳ ಸಂಗತಿ ಕೇಳಿ. ಕಡತಗಳನ್ನು ಕುಗ್ಗಿಸುವ ‘ಎಕ್ಸ್ ಜಡ್’ ಎಂಬ ಸಣ್ಣ ತಂತ್ರಾಂಶವನ್ನು ಬಹುಮಟ್ಟಿಗೆ ಒಬ್ಬರೇ ಸ್ವಯಂಸೇವಕರು ಸಂಬಾಳಿಸುತ್ತಿದ್ದರು. ಅವರು ದಣಿದಿದ್ದಾಗ ಸಹಾಯಕ್ಕೆ ಬಂದವನೊಬ್ಬ ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಕಳ್ಳಬಾಗಿಲೊಂದನ್ನು ಒಳಗಿಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ಇನ್ನೊಂದು ಯಂತ್ರದೊಳಕ್ಕೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುವುದೇಕೆಂದು ಬೆನ್ನು ಹತ್ತಿ ಅದನ್ನು ಪತ್ತೆ ಮಾಡಿದರು. ಮೂಲ ಬರಹ ತೆರೆದಿದ್ದರಿಂದ ಬೆನ್ನು ಹತ್ತುವುದು ಸಾಧ್ಯವಾಯಿತು. ಆದರೆ ಗೋದಾಮಿನ ಕಾವಲಿಗೆ ಸಂಬಳವಿಲ್ಲದ ಒಬ್ಬನನ್ನೇ ನೆಚ್ಚಿದ್ದು ತಪ್ಪೆಂಬುದೂ ಲೋಕಕ್ಕೆ ತಿಳಿಯಿತು. ಅದೇ ವರ್ಷ ಬೆಂಗಳೂರಿನ ಜೆರೋಧಾ ಸಂಸ್ಥೆ ಇಂಥವರ ನೆರವಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನಿಧಿಯನ್ನು ಘೋಷಿಸಿತು.

ಕನ್ನಡದ ಮಟ್ಟಿಗೆ ಹೇಳುವುದಾದರೆ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಲಿನಕ್ಸ್‌ನಲ್ಲಿಯೂ ಇದೆ; ಪತ್ರ ಬರೆಯಲು, ಲೆಕ್ಕ ಹಾಕಲು ಬರುವ ‘ಲಿಬ್ರೆ ಆಫೀಸ್’ ಕನ್ನಡದಲ್ಲಿ ದೊರೆಯುತ್ತದೆ. ಅನುವಾದ ಕೆಲವೆಡೆ ಓದಲು ಕಷ್ಟವೇ. ತಿದ್ದಲು ಯಾರ ಅಪ್ಪಣೆಯೂ ಬೇಡವೆಂಬುದು ಸಮಾಧಾನ.

ಇನ್ನು ನಮ್ಮ ಮನೆಯ ಮಾತು. ಸದಸ್ಯರ ಖಾತೆ, ಅಡಿಕೆಯ ತೂಕ, ಗೊಬ್ಬರದ ಉದ್ದರಿ, ಎಲ್ಲವೂ 2011ರಿಂದ ಒಂದು ಖಾಸಗಿ ಸಂಸ್ಥೆಯ ತಂತ್ರಾಂಶದಲ್ಲಿವೆ. ಕಳೆದ ವರ್ಷ ಅವರು ವಾರ್ಷಿಕ ಶುಲ್ಕವನ್ನು ಏಕಾಏಕಿ ದುಪ್ಪಟ್ಟು ಮಾಡಿದರು. ಬೇರೆ ಏರ್ಪಾಡು ನೋಡೋಣವೆಂದು ಖಾತೆಗಳ ಪ್ರತಿ ಕೇಳಿದ್ದಕ್ಕೆ, ಕಾಗದದ ಮೇಲೆ ಮುದ್ರಿಸಿಕೊಳ್ಳಿ, ಗಣಕದಲ್ಲಿ ಓದುವ ರೂಪದಲ್ಲಿ ಬೇಕಾದರೆ ಪ್ರತ್ಯೇಕ ಹಣ ಕೊಡಿ ಎಂಬ ಉತ್ತರ ಬಂತು. ಅಡಿಕೆ ಸದಸ್ಯರದು, ಸಾಲವೂ ಸದಸ್ಯರದು, ಲೆಕ್ಕ ಮಾತ್ರ ಪರರ ಬೀಗದೊಳಗೆ! ಆಡಳಿತ ಮಂಡಳಿ ನಮ್ಮನ್ನು ಬೆಂಗಳೂರಿಗೆ ಕಳಿಸಿದ್ದು ಈ ಕಾರಣಕ್ಕೆ.

ಮುಂಬಯಿಯ ಫ್ರಾಪೆ ಸಂಸ್ಥೆಯ ‘ಇಆರ್‌ಪಿ ನೆಕ್ಸ್ಟ್’ ಎಂಬ ಮುಕ್ತ ತಂತ್ರಾಂಶದಲ್ಲಿ ಖಾತೆ, ದಾಸ್ತಾನು, ಖರೀದಿ, ಮಾರಾಟ ಎಲ್ಲವೂ ಒಟ್ಟಿಗಿವೆ. ಆದರೆ ಚಾಲಿ, ರಾಶಿ ಎಂಬ ನಮ್ಮ ವರ್ಗೀಕರಣವನ್ನೂ ಚೆರಿ, ಪಾರ್ಚ್‌ಮೆಂಟ್ ಲೆಕ್ಕವನ್ನೂ ಅದಕ್ಕೆ ನಾವೇ ಹೊಂದಿಸಿಕೊಳ್ಳಬೇಕು. ಅದಕ್ಕೆ ತಿಳಿದವರ ಕೂಲಿ ಇದ್ದೇ ಇದೆ. ಮೊದಲ ವರ್ಷ ಉಳಿತಾಯವಾದೀತೆಂದು ನಾವು ಹೇಳುವುದಿಲ್ಲ. ಮೂರನೆಯ ವರ್ಷದಿಂದ ಆಗಬೇಕು. ಲಾಭ ಬೇರೆ ಕಡೆಯಿದೆ. ಕೆಲಸಗಾರರನ್ನು ಬದಲಿಸಿದರೂ ಲೆಕ್ಕ ನಮ್ಮಲ್ಲಿಯೇ ಉಳಿಯುತ್ತದೆ.

ಆದುದರಿಂದ ಆಡಳಿತ ಮಂಡಳಿಯ ಮುಂದೆ ಎರಡು ಸೂಚನೆ ಇಟ್ಟಿದ್ದೇವೆ. ಯಾರೊಂದಿಗೆ ಕರಾರು ಮಾಡಿದರೂ, ಕೇಳಿದ ಹದಿನೈದು ದಿನಗಳೊಳಗೆ ಸಂಘದ ಎಲ್ಲ ಖಾತೆಗಳನ್ನೂ ಯಾವ ಗಣಕಯಂತ್ರವಾದರೂ ಓದುವ ರೂಪದಲ್ಲಿ ಉಚಿತವಾಗಿ ಒಪ್ಪಿಸತಕ್ಕದ್ದೆಂಬ ಷರತ್ತು ಇರಬೇಕು. ಎರಡನೆಯದಾಗಿ, ಬರುವ ಹಂಗಾಮಿನಲ್ಲಿ ಕಾಳುಮೆಣಸಿನ ಖರೀದಿ ಒಂದನ್ನು ಮಾತ್ರ ಹೊಸ ತಂತ್ರಾಂಶದಲ್ಲಿ ಬರೆದು, ಜೊತೆಗೆ ಹಳೆಯ ಕ್ರಮದಲ್ಲಿಯೂ ಬರೆದು ತಾಳೆ ನೋಡಬೇಕು. ಹಾಲಿ ಕರಾರು ಮಾರ್ಚ್ 31ಕ್ಕೆ ಮುಗಿಯುತ್ತದೆ. ಆಕ್ಷೇಪಣೆ, ಸಲಹೆಗಳಿದ್ದ ಸದಸ್ಯ ಬಾಂಧವರು ಅದಕ್ಕೆ ಮುಂಚೆ ಬರಹದಲ್ಲಿ ಕಚೇರಿಗೆ ತಲುಪಿಸುವುದು. ಗಣಕ ಬಲ್ಲ ಮಕ್ಕಳು ಮನೆಯಲ್ಲಿದ್ದರೆ, ತಾಳೆ ನೋಡುವ ಕೆಲಸಕ್ಕೆ ಅವರ ಹೆಸರನ್ನೂ ಕೊಡುವುದು.